ನಲವತ್ತನೆಯ ಕಿವಿ

ಸ್ಕಾಟ್ಲೆಂಡಿನ ಹೊಸ ಸ್ವತಂತ್ರ ಸಂಗೀತ ಶೋಧನೆ ಮತ್ತು ಪೋಷಣೆ ಮಂಡಳಿಯು ಕಳೆದ ಹನ್ನೊಂದು ವರ್ಷಗಳಲ್ಲಿ ನಾನೂರ ಹನ್ನೆರಡು ಸಂಗೀತಗಾರರನ್ನು ಕಂಡುಹಿಡಿದಿದ್ದು, ಅವರಲ್ಲಿ ಒಬ್ಬರ ಹೆಸರೂ ಹೊರಗೆ ಯಾರಿಗೂ ಗೊತ್ತಿಲ್ಲವೆಂಬುದನ್ನು ಮೊದಲಿಗೇ ದಾಖಲಿಸಬಯಸುತ್ತೇನೆ. ಇಷ್ಟು ಕಟ್ಟುನಿಟ್ಟಾಗಿ ನಡೆಯುವ ಕಚೇರಿ ಈ ದೇಶದಲ್ಲಿ ಮತ್ತೊಂದಿಲ್ಲ. ನಾನು ಅದರ ಡಂಡೀ ಶಾಖೆಯಲ್ಲಿ ಎರಡನೇ ದರ್ಜೆ ಶೋಧಕ. ಹೆಸರು ಡಾಡ್ ಲ್ಯಾಮಂಟ್. ಹುಟ್ಟೂರು ಆರ್ಬ್ರೋತ್, ರೈಲಿನಲ್ಲಿ ಇಪ್ಪತ್ತು ನಿಮಿಷ.

ನಮ್ಮ ಕಡೆ ಸಂಗೀತದ ಹುಚ್ಚಿರುವ ಯಾರನ್ನಾದರೂ ಯಾವುದಾದರೂ ತಂಡದ ಬಗ್ಗೆ ಕೇಳಿ ನೋಡಿ. "ಈಗೇನಿದೆ ಬಿಡಿ, ನಾನು ಕೇಳ್ದಾಗ ಇದ್ದಿದ್ದೇ ಹನ್ನೊಂದು ಜನ" ಎನ್ನುತ್ತಾರೆ. ಹನ್ನೆರಡು ಜನರಿದ್ದಾಗ ಕೇಳಿದವನು ಅಲ್ಲಿಂದ ಮೆಲ್ಲಗೆ ಜಾಗ ಖಾಲಿ ಮಾಡುತ್ತಾನೆ. ನಮ್ಮ ನಿರ್ದೇಶಕರಾದ ಟಾರ್ಕ್ವಿಲ್ ಅಬರ್ನೆಥಿಯವರು ಒಂದು ತಂಡವನ್ನು ಕೇಳಿದಾಗ ಕೋಣೆಯಲ್ಲಿ ಅವರೊಬ್ಬರೇ ಇದ್ದರಂತೆ, ತಂಡದವರಲ್ಲೂ ಒಬ್ಬ ಬಂದಿರಲಿಲ್ಲವಂತೆ. ಈ ಹಿರಿಮೆಗೇ ಅವರನ್ನು ನಿರ್ದೇಶಕರನ್ನಾಗಿ ಆರಿಸಲಾಯಿತು. ಬಂದವರೇ ಅವರು ನಿಯಮಾವಳಿ ಬರೆದರು.

ನಿಯಮ ಒಂದು: ನಲವತ್ತಕ್ಕಿಂತ ಕಡಿಮೆ ಜನ ಕೇಳಿರುವ ಸಂಗೀತವೇ ಹೊಸ ಸಂಗೀತ. ನಲವತ್ತನೆಯವರು ಕೇಳಿದ ಕ್ಷಣವೇ ಸದರಿ ಸಂಗೀತಗಾರರು 'ಪ್ರಸಿದ್ಧ'ರಾಗಿ ಮಂಡಳಿಯ ವ್ಯಾಪ್ತಿಯಿಂದ ಹೊರಬೀಳುತ್ತಾರೆ. ನಿಯಮ ಎರಡು: ಯಾರ ಸಹಾಯವೂ ಇಲ್ಲದ ಸಂಗೀತವೇ ಸ್ವತಂತ್ರ ಸಂಗೀತ. ಹೀಗಾಗಿ ಮಂಡಳಿಯು ಯಾರಿಗೂ ಸಹಾಯ ಮಾಡುವಂತಿಲ್ಲ. ಇದನ್ನು ನಾವು ಹನ್ನೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೇವೆ.

ಮಾರ್ಚ್ ತಿಂಗಳ ಒಂದು ಮಂಗಳವಾರ ಏಲ್ಸಾ ಕೇರ್ಡ್ ಎಂಬವಳು ಕಚೇರಿಗೆ ಬಂದಳು. ವಯಸ್ಸು ಇಪ್ಪತ್ತೊಂಬತ್ತು. ಆರ್ಬ್ರೋತ್ ಬಂದರಿನ ಪಕ್ಕ ಹ್ಯಾಡಕ್ ಮೀನನ್ನು ಜೋಡಿ ಕಟ್ಟಿ ಹೊಗೆಗೆ ತೂಗುಹಾಕುವ ಮನೆಯಲ್ಲಿ ಕೆಲಸ. ಅವಳ ಹಿಂದೆಯೇ ಹೊಗೆಯ ವಾಸನೆ ಒಳಗೆ ಬಂತು. ಕೈಯಲ್ಲಿ ಗಿಟಾರಿತ್ತು, ಅರ್ಜಿಯಿತ್ತು.

"ಭಾನುವಾರ ನಾಲ್ಕು ಗಂಟೆಗೆ ರೇಡಿಯೋದಲ್ಲಿ ನಿಮಗೆ ಮೂರು ನಿಮಿಷ ಇದೆಯಲ್ಲ, ನನಗದು ಬೇಕು" ಎಂದಳು.

"ಎಲ್ಲರಿಗೂ ಬೇಕು" ಎಂದೆ.

"ನನಗೆ ಬೇಗ ಬೇಕು. ಅಮ್ಮನ ಕಿವಿ ಹೋಗ್ತಾ ಇದೆ. ಅಕ್ಟೋಬರ್ ಮುಗಿಯೋ ಹೊತ್ತಿಗೆ ಏನೂ ಕೇಳಿಸಲ್ಲ ಅಂತ ಡಾಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಈ ಹಾಡು ಅವಳ ಮೇಲೇ ಕಟ್ಟಿದ್ದು."

"ಮನೇಲಿ ಹಾಡಿ ಕೇಳಿಸಬಹುದಲ್ಲ?"

"ಹಾಡ್ದೆ. ಅಡುಗೆಮನೇಲಿ ಹಾಡಿದ್ರೆ ಅದು ಗೊಣಗಾಟ, ರೇಡಿಯೋದಲ್ಲಿ ಬಂದ್ರೆ ಹಾಡು ಅಂದ್ಲು. ನಾನು ಪೀಪಾಯಿ ಒದ್ಕೊಂಡು ಹಾಡ್ತಿದ್ದಷ್ಟು ಹೊತ್ತೂ ಪಾತ್ರೆ ತೊಳೀತಿದ್ಲು. ಅವಳು ಹಾಗೇ."

ಅಬರ್ನೆಥಿಯವರು ತಮ್ಮ ಕೋಣೆಯಿಂದ ಹೊರಬಂದು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಮೀನು, ಹೊಗೆ, ಕಿವುಡಾಗ್ತಿರೋ ತಾಯಿ! ಅದ್ಭುತ! ನಿಮ್ಮನ್ನ ಎಷ್ಟು ಜನ ಕೇಳಿದ್ದಾರೆ?"

"ಸರಿಯಾಗಿ ಯಾರೂ ಇಲ್ಲ ಸರ್."

"ಹಾಗೇ ಇರಿ!" ಎಂದು ಅವಳ ಕೈ ಕುಲುಕಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ರೇಡಿಯೋದಲ್ಲಿ ಹಾಡು ಹಾಕಿದರೆ ಸಾವಿರಾರು ಜನ ಕೇಳುತ್ತಾರೆ, ನಲವತ್ತು ಯಾವ ಲೆಕ್ಕ? ಆದ್ದರಿಂದ ಆ ಮೂರು ನಿಮಿಷದಲ್ಲಿ ಹಾಡು ಎಷ್ಟು ಚೆನ್ನಾಗಿದೆಯೆಂದು ಅಬರ್ನೆಥಿಯವರು ಮಾತಾಡುತ್ತಾರೆ. ಹನ್ನೊಂದು ವರ್ಷದಿಂದ ಮಾತಾಡುತ್ತಿದ್ದಾರೆ.

ಏಲ್ಸಾಗೂ ಇದು ಗೊತ್ತಿತ್ತು. "ಸರ್, ಬೇಜಾರು ಮಾಡ್ಕೋಬೇಡಿ. ನನ್ನ ವಾರ ಬಂದಾಗ ನೀವು ಮಾತಾಡಬಾರದು" ಎಂದಳು.

ಅಬರ್ನೆಥಿಯವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಒಂದೇ ಒಂದು ಮಾತೂ ಆಡಲ್ಲ. ಮೂರು ನಿಮಿಷ ಪೂರ್ತಿ ನಿಮ್ಮದೇ" ಎಂದರು. ಅವರು ಕೊಟ್ಟ ಮಾತಿಗೆ ತಪ್ಪಿದವರಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ತಪಾಸಣೆಗೆಂದು ನಾನು ಅವಳ ಮನೆಗೆ ಹೋದೆ. ಅರ್ಜಿದಾರರಿಗೆ ಯಾರಾದರೂ ಸಹಾಯ ಮಾಡಿದ್ದಾರೆಯೇ ಎಂದು ನೋಡುವ ತಪಾಸಣೆಯಿದು. ತಾಯಿ ಎಫಿ ಕೇರ್ಡ್ ಬಾಗಿಲು ತೆಗೆದರು. ನನ್ನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು.

"ಯಾರು, ಡಾಡಾ? ಏನೋ ಇದು, ಕೂದಲೆಲ್ಲ ಎಲ್ಲಿಟ್ಟು ಬಂದೆ? ಬಾ, ಕೂತ್ಕೋ. ಗಟ್ಟಿಯಾಗಿ ಮಾತಾಡು. ಬಲಗಿವಿ ಹೋಯ್ತು, ಎಡಗಿವಿ ಮೂಡ್ ಬಂದ್ರೆ ಕೇಳತ್ತೆ."

ಚಹಾ ಬಂತು, ಅಂಗೈಯಗಲದ ಬ್ರೈಡಿ ಬಂತು. ಮಾಂಸ ತುಂಬಿದ ಆ ಬಿಸಿ ಕಡುಬಿನ ಮುಂದೆ ಸರ್ಕಾರಿ ಗಾಂಭೀರ್ಯ ಕಾಪಾಡಿಕೊಳ್ಳುವುದು ಸುಲಭವಲ್ಲ. ಆದರೂ ನಮೂನೆ ತೆಗೆದು ಕೂಗಿ ಕೂಗಿ ಕೇಳಿದೆ. "ಗಿಟಾರ್ ಯಾರು ಕೊಡಿಸಿದ್ದು?"

"ನಾನೇ. ಅವಳಿಗೆ ಹದಿಮೂರು ತುಂಬಿದಾಗ."

ನಾನು ಪೆನ್ನು ಕೆಳಗಿಟ್ಟೆ. "ಅಭ್ಯಾಸ ಮಾಡೋವಾಗ ಚಹಾ ಯಾರು ಕೊಡ್ತಿದ್ರು?"

"ಪಕ್ಕದ ಮನೆಯವರು ಬಂದು ಕೊಡ್ತಾರೇನೋ? ನಾನೇ ಕಣೋ."

ಮನೆ, ಊಟ, ಗಿಟಾರ್, ಚಹಾ: ನಾಲ್ಕು ಬಗೆಯ ಸಹಾಯ. ಅರ್ಜಿ ತಳ್ಳಿಹಾಕಲು ಒಂದು ಸಾಕು. ಒಂದೇ ದಾರಿಯಿತ್ತು. ತಾನು ಮಗಳಿಗೆ ಎಂದೂ ಏನೂ ಮಾಡಿಲ್ಲವೆಂದು ತಾಯಿ ಪ್ರಮಾಣಪತ್ರ ಬರೆದುಕೊಡಬೇಕು. ಇದನ್ನು ಅವರ ಎಡಗಿವಿಯ ಹತ್ತಿರ ಮೂರು ಸಲ ಕೂಗಿ ಹೇಳಿದೆ. ಮೂರನೆಯ ಸಲಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

"ಏನೂ ಮಾಡಿಲ್ಲ ಅಂತ ಬರ್ಕೊಡ್ಬೇಕಾ?" ಎಫಿ ನನ್ನ ಮುಂದಿದ್ದ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಅವರಪ್ಪ ದೋಣಿಯಿಂದ ವಾಪಸ್ ಬರದೇ ಇದ್ದಾಗ ಇವಳಿಗೆ ಎರಡು ವರ್ಷ. ಈ ಕೈ ನೋಡು, ಮೀನು ಸೀಳಿ ಸೀಳಿ ಬೆರಳು ನೆಟ್ಟಗಾಗಲ್ಲ. ಏನೂ ಮಾಡಿಲ್ವಂತೆ! ನಿಮಗೇನು ಬಂದಿದೆಯೋ ದೊಡ್ಡ ರೋಗ?"

"ನಿಯಮ ಎಫಿ, ನಾನೇನು ಮಾಡ್ಲಿ?"

"ಬರೆದ್ರೆ ರೇಡಿಯೋದಲ್ಲಿ ಬರತ್ತಾ?"

"ಬರತ್ತೆ."

ಅವರು ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಬೆರಳು ನೆಟ್ಟಗಾಗದ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ, ಸಹಿ ಗೆರೆಯಾಚೆ ಹೋಯಿತು. ಆಮೇಲೆ ತಟ್ಟೆಯನ್ನು ಮತ್ತೆ ನನ್ನ ಕಡೆ ತಳ್ಳಿ, "ತಿನ್ನು, ಆರಿಹೋಗತ್ತೆ" ಎಂದರು. ಸಹಿ ಗೆರೆಯಾಚೆ ಹೋದ ಕಾರಣಕ್ಕೆ ಡಂಡೀಯಲ್ಲಿ ಕಡತ ಎರಡು ತಿಂಗಳು ನಿಂತಿತು.

ಜೂನ್ ಕೊನೆಗೆ ಸಾರ್ವಜನಿಕ ಗಾಯನಕ್ಕೆ ಅನುಮತಿ ಸಿಕ್ಕಿತು. ಬಂದರಿನ ಪಬ್ಬಿನ ಹಿಂದಿನ ಕೋಣೆ. ಎಫಿ ಬರಲಿಲ್ಲ. ಗಂಡನ ಕೊನೆಯ ರಾತ್ರಿ ಅಲ್ಲೇ ಕಳೆದಿದ್ದರಿಂದ ಅವರು ಆ ಹೊಸ್ತಿಲು ತುಳಿಯುವುದಿಲ್ಲ. ನಾನು ಎಣಿಕೆ ಯಂತ್ರ ಹಿಡಿದು ಬಾಗಿಲಲ್ಲಿ ನಿಂತೆ. ಒಬ್ಬರು ಒಳಗೆ ಹೋದರೆ ಒಂದು ಸಲ ಒತ್ತಬೇಕು. ಹೊಗೆಮನೆಯವರೆಲ್ಲ ಬಂದರು. ಒಟ್ಟು ಮೂವತ್ತೆಂಟು. ಅಬರ್ನೆಥಿಯವರು ಮೂವತ್ತೊಂಬತ್ತನೆಯವರು. ನಾನು ಬಾಗಿಲು ಹಾಕಿ ಚಿಲಕ ಜಡಿದೆ.

ನಲವತ್ತು ಮುಟ್ಟುವ ಭಯ ನಮಗೆ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ನಮ್ಮ ಜನ ಹಾಡಿನ ವೇಳೆ ಮಾತಾಡುತ್ತಾರೆ. 'ನಾನು ಹಾಜರಿದ್ದೆ, ಆದರೆ ಪಕ್ಕದವರೊಂದಿಗೆ ಫುಟ್ಬಾಲಿನ ವಿಷಯ ಮಾತಾಡುತ್ತಿದ್ದೆ' ಎಂಬ ಏಳನೇ ನಮೂನೆಗೆ ಸಹಿ ಮಾಡಿಸಿದರೆ ಅರ್ಧಕ್ಕರ್ಧ ಕೇಳುಗರು ಕಳೆಯುತ್ತಾರೆ. ಅವರು ಸಹಿ ಮಾಡುವುದೂ ಆತ್ಮಸಾಕ್ಷಿಯಿಂದಲೇ.

ಅವತ್ತು ಯಾರೂ ಮಾತಾಡಲಿಲ್ಲ. ಏಲ್ಸಾ ಎಡಗಾಲಲ್ಲಿ ಖಾಲಿ ಮೀನಿನ ಪೀಪಾಯಿ ಒದೆಯುತ್ತಾ ಗಿಟಾರ್ ಮೀಟಿದಳು. ಬಂದರಿನ ಮೆಟ್ಟಿಲ ಮೇಲೆ ನಿಂತು ಒಬ್ಬ ತಾಯಿ ಮಗಳನ್ನು ಊಟಕ್ಕೆ ಕರೆಯುತ್ತಾಳೆ. ಕೆಳಗೆ ಆಡುತ್ತಿರುವ ಮಗಳು ಕೇಳಿಸದವಳಂತೆ ನಟಿಸುತ್ತಾಳೆ. ಹಾಡೆಂದರೆ ಅಷ್ಟೇ. ತಾಯಿ ಕರೆಯುತ್ತಲೇ ಇರುತ್ತಾಳೆ. ಅಯ್ಯೋ, ನನಗೆ ತಡೆಯಲಾಗಲಿಲ್ಲ. ನನ್ನ ತಾಯಿಯೂ ಅದೇ ಮೆಟ್ಟಿಲ ಮೇಲೆ ನಿಂತು ಕರೆದವಳು, ನಾನೂ ಕೇಳಿಸದವನಂತೆ ನಟಿಸಿದವನು. ಕಣ್ಣಿಂದ ನೀರು ಸುರಿಯಿತು. ಕಾರಣ ಮೀನಿನ ಹೊಗೆಯೆಂದು ವರದಿಯಲ್ಲಿ ನಮೂದಿಸಿದ್ದೇನೆ.

ಹಾಡು ಮುಗಿದ ಮೇಲೆ ಅಬರ್ನೆಥಿಯವರು ನನ್ನನ್ನು ಮೂಲೆಗೆ ಕರೆದರು. ಮುಖ ಬಿಳಿಚಿಕೊಂಡಿತ್ತು. "ಡಾಡ್, ಎಣಿಸೋವಾಗ ನಿಮ್ಮನ್ನ ಎಣಿಸಿದ್ರಾ?"

ಎಣಿಸಿರಲಿಲ್ಲ. ನಾನು ನಲವತ್ತನೆಯವನು.

"ನೀವು ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ ಸರ್. ಒಂದಕ್ಷರ ಬಿಡದ ಹಾಗೆ."

"ಯೋಚನೆ ಮಾಡಿ ಹೇಳಿ. ನೀವು ಕೇಳಿದ್ರೆ ಅವಳು ಪ್ರಸಿದ್ಧೆ. ಕಡತ ಮುಚ್ಚಬೇಕಾಗತ್ತೆ, ರೇಡಿಯೋನೂ ಇಲ್ಲ. ಬೇರೆ ಯಾರೂ ಸಹಿ ಮಾಡಲ್ಲ, ಕೇಳಿ ನೋಡ್ದೆ. ಈ ಹಾಡು ಕೇಳಿಲ್ಲ ಅಂತ ಸುಳ್ಳು ಹೇಳೋಕೆ ನಮ್ಮ ಕೈಲಾಗಲ್ಲ ಅಂತಾರೆ, ದರಿದ್ರದವರು."

ಏಲ್ಸಾ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಏಳನೇ ನಮೂನೆಗೆ ಸಹಿ ಮಾಡಿದೆ. ಸದರಿ ಸಮಯದಲ್ಲಿ ನಾನು ನನ್ನೊಂದಿಗೇ ಫುಟ್ಬಾಲಿನ ವಿಷಯ ಮಾತಾಡುತ್ತಿದ್ದೆನೆಂದು ಬರೆದೆ. ಮೂವತ್ತೊಂಬತ್ತು ಅಧಿಕೃತವಾಯಿತು.

ಪ್ರಸಾರಕ್ಕೆ ಅಕ್ಟೋಬರ್ ಕೊನೆಯ ಭಾನುವಾರ ಗೊತ್ತಾಯಿತು. ಅದಕ್ಕೂ ಮುಂಚೆ ಏಲ್ಸಾ ಏಳು ಸಲ ಕಚೇರಿಗೆ ಬಂದಳು. ಜುಲೈಯಲ್ಲಿ "ಇನ್ನೂ ಕೂಗಿದ್ರೆ ಕೇಳತ್ತೆ" ಎಂದಳು. ಸೆಪ್ಟೆಂಬರ್‌ನಲ್ಲಿ "ಬಾಗಿಲು ಜೋರಾಗಿ ಹಾಕಿದ್ರೆ ಗೊತ್ತಾಗತ್ತೆ" ಎಂದಳು. ಕೊನೆಯ ಸಲ ಬಂದಾಗ ಅಮ್ಮನ ಮಾತೆತ್ತದೆ ತಾರೀಖು ಮಾತ್ರ ಕೇಳಿ ಹೋದಳು. ಸರದಿ ಹಿಂದುಮುಂದು ಮಾಡಿದರೆ ಅದು ಸಹಾಯವಾಗುತ್ತದೆಂದು ನಾವು ಅವಳಿಗೆ ಪ್ರತಿ ಸಲವೂ ಲಿಖಿತವಾಗಿ ತಿಳಿಸಿದೆವು.

ಆ ಭಾನುವಾರ ಪ್ರಸಾರ ಪರಿಶೀಲನೆಗೆ ನಾನು ಅವರ ಅಡುಗೆಮನೆಯಲ್ಲಿದ್ದೆ. ಎಫಿ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ರೇಡಿಯೋದ ಮುಂದೆ ಕುಳಿತಿದ್ದರು. ಗಂಟೆ ನಾಲ್ಕಾಯಿತು. "ಮುಂದಿನ ಮೂರು ನಿಮಿಷ ಏಲ್ಸಾ ಕೇರ್ಡ್" ಎಂದು ನಿಲಯದವರು ಹೇಳಿದರು. ಅಬರ್ನೆಥಿಯವರು ಕೊಟ್ಟ ಮಾತಿನಂತೆ ಒಂದೇ ಒಂದು ಮಾತೂ ಆಡಲಿಲ್ಲ. ಹಾಡು ಹಾಕಿದರೆ ಅದು ಹೊಸದಾಗಿ ಉಳಿಯುವುದಿಲ್ಲವಾದ್ದರಿಂದ ಹಾಡನ್ನೂ ಹಾಕಲಿಲ್ಲ. ಮೂರು ನಿಮಿಷ ಪೂರ್ತಿ ಅವಳದೇ.

ಏಲ್ಸಾ ರೇಡಿಯೋದ ಗುಂಡಿ ತಿರುಗಿಸಿದಳು, ಇನ್ನೂ ತಿರುಗಿಸಿದಳು, ಆಮೇಲೆ ನನ್ನ ಕಡೆ ನೋಡಿದಳು. ನಾನು ಗಡಿಯಾರ ನೋಡಿದೆ. ಎಫಿ ಅಂಗೈಯನ್ನು ರೇಡಿಯೋದ ಮೇಲಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದರು. ಮೂರು ನಿಮಿಷವೂ ಕೈ ತೆಗೆಯಲಿಲ್ಲ.

"ಚೆನ್ನಾಗಿತ್ತು" ಎಂದರು, ಕಿವುಡರ ದೊಡ್ಡ ದನಿಯಲ್ಲಿ. "ಪೀಪಾಯಿ ಒದೆಯೋದೊಂದು ಸ್ವಲ್ಪ ಜಾಸ್ತಿಯಾಯ್ತು. ಉಳಿದಿದ್ದೆಲ್ಲ ಚೆನ್ನಾಗಿತ್ತು ಮಗಳೇ. ನೀನು ಕೇಳಿಸದವಳ ಹಾಗೆ ನಟಿಸ್ತಿದ್ದೆ ಅಂತ ನನಗೆ ಅವಾಗ್ಲೂ ಗೊತ್ತಿತ್ತು."

ಏಲ್ಸಾ ನೀರಿನ ತೊಟ್ಟಿಯ ಕಡೆ ತಿರುಗಿ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು.

ಎಫಿ ನನ್ನ ಕೈಯ ನಮೂನೆ ಕಿತ್ತುಕೊಂಡರು. "ಎಷ್ಟು ಜನ ಕೇಳಿದ್ರು ಅಂತ ಬರ್ಕೋತೀಯಲ್ಲ, ನನ್ನ ಹೆಸರು ಬರ್ಕೋ. ಏನೂ ಮಾಡಿಲ್ಲ ಅಂತ ಬರ್ಸ್ಕೊಂಡ್ಯಲ್ಲ ಅವತ್ತು? ಇವತ್ತು ಕೇಳ್ದೆ ಅಂತ ಬರೀತೀನಿ." ಬರೆದು ಸಹಿ ಹಾಕಿದರು. ಈ ಸಲ ಸಹಿ ಗೆರೆಯೊಳಗೇ ಇತ್ತು.

ಸಹಿ ಮಾಡಿದ ಹೇಳಿಕೆಯೇ ಅಂತಿಮವೆಂದು ನಿಯಮಾವಳಿ ಹೇಳುತ್ತದೆ. ಮೂವತ್ತೊಂಬತ್ತಕ್ಕೆ ಒಂದು ಸೇರಿ ನಲವತ್ತಾಯಿತು.

ಸೋಮವಾರದಿಂದ ಪತ್ರಗಳು ಬಂದವು. ಇಂಥ ದಿಟ್ಟ ಹೊಸ ದನಿಯನ್ನು ಇತ್ತೀಚೆಗೆ ಕೇಳಿರಲಿಲ್ಲವೆಂದು ಬಹಳ ಜನ ಬರೆದರು. ಅವಳ ಮೊದಮೊದಲಿನ ಮೌನವೇ ಚೆನ್ನಾಗಿತ್ತು, ಈಗೀಗ ಕೆಟ್ಟಿದೆ ಎಂದು ಅಬರ್ಡೀನಿನ ಒಬ್ಬರು ಬರೆದರು. ಏಲ್ಸಾ ಕೇರ್ಡ್ ಪ್ರಸಿದ್ಧರಾಗಿರುವುದರಿಂದ ಅವರಿಗೂ ಮಂಡಳಿಗೂ ಇನ್ನು ಸಂಬಂಧವಿಲ್ಲವೆಂದು ಸುತ್ತೋಲೆ ಹೊರಟಿತು. ಯಾರಾದರೂ ಅವಳ ಹೆಸರೆತ್ತಿದರೆ ಅಬರ್ನೆಥಿಯವರು, "ಈಗೇನಿದೆ ಬಿಡಿ, ನಾನು ಕೇಳ್ದಾಗ ಇದ್ದಿದ್ದೇ ಮೂವತ್ತೊಂಬತ್ತು ಜನ" ಎನ್ನುತ್ತಾರೆ.

ಪ್ರಸಿದ್ಧ ಗಾಯಕಿ ಬೆಳಿಗ್ಗೆ ಆರಕ್ಕೆ ಮೀನು ಕಟ್ಟಲು ಹೋಗುತ್ತಾಳೆ. ಕಡತದಲ್ಲಿ ಮೂರು ಪ್ರಮಾಣಪತ್ರಗಳಿವೆ. ಒಂದರಲ್ಲಿ ತಾಯಿ ಏನೂ ಮಾಡಿಲ್ಲ, ಒಂದರಲ್ಲಿ ನಾನು ಹಾಡು ಕೇಳಿಲ್ಲ, ಒಂದರಲ್ಲಿ ತಾಯಿ ಹಾಡು ಕೇಳಿದ್ದಾರೆ. ಮೇಲಧಿಕಾರಿಗಳು ಪರಿಶೀಲಿಸಿ ಮೂರೂ ಸರಿಯಾಗಿವೆಯೆಂದು ಷರಾ ಬರೆದಿದ್ದಾರೆ. ಮೂರನೆಯದರ ಬಗ್ಗೆ ನನ್ನ ತಕರಾರೂ ಇಲ್ಲ.