ಕೂಡು ಬೆರಳು ಬಿಡಿಸಿದ ಡಾಕ್ಟರು

ಆಸ್ಪತ್ರೆಯಲ್ಲಿ ಅಳುವಷ್ಟೇ ನಗುವೂ ಇರುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಐವತ್ತರ ದಶಕದ ಕೊನೆಯಿಂದ ಏಳೆಂಟು ವರ್ಷ ನಾನು ಮಧುಗಿರಿಯಲ್ಲಿ ನರ್ಸಾಗಿದ್ದೆ. ಹುಟ್ಟಿನಿಂದಲೇ ಅಂಟಿಕೊಂಡ ಮಕ್ಕಳ ಕಾಲ್ಬೆರಳು ಬಿಡಿಸುವುದರಲ್ಲಿ ನಮ್ಮ ಡಾಕ್ಟರು ಎತ್ತಿದ ಕೈ. ಮೊದಲ ಮಗು ಕುಣಿಯುತ್ತ ಊರಿಗೆ ಹೋಗಿದ್ದೇ ತಡ, ಸುತ್ತಲ ತಾಲ್ಲೂಕುಗಳಿಂದ ಮಕ್ಕಳು ಬರತೊಡಗಿದರು. ಜೊತೆಗೆ ಮನೆಯವರೂ. ನಗಿಸುತ್ತಿದ್ದವರು ಅವರೇ.

ಹದಿನೆಂಟು

ಕೊಳಾಲದ ಕಡೆಯ ಆರು ವರ್ಷದ ಹುಡುಗಿ. ಎರಡು ಕಾಲಲ್ಲೂ ಎರಡೆರಡು ಬೆರಳು ಅಂಟಿದ್ದವು. ಅವಳ ಮೇಷ್ಟ್ರು ಕೈಬೆರಳು ಮುಗಿದ ಮೇಲೆ ಕಾಲ್ಬೆರಳು ಎಣಿಸಿ ಇಪ್ಪತ್ತರವರೆಗೆ ಕಲಿಸುತ್ತಿದ್ದರಂತೆ. ಇವಳ ಲೆಕ್ಕ ಯಾವಾಗಲೂ ಹದಿನೆಂಟಕ್ಕೇ ನಿಲ್ಲುತ್ತಿತ್ತು. ಮಕ್ಕಳು ನಕ್ಕರೆಂದು ಶಾಲೆ ಬಿಟ್ಟು ಕೂತಿದ್ದಳು.

ಆಪರೇಷನ್ ಆಯಿತು. ಮೂರು ವಾರಕ್ಕೆ ಪಟ್ಟಿ ಬಿಚ್ಚಿದಾಗ ಒಂದೊಂದೇ ಬೆರಳು ಮುಟ್ಟಿ ಎಣಿಸಿ, "ಇಪ್ಪತ್ತು!" ಅಂತ ಕೂಗಿದಳು. ನನ್ನ ಕಣ್ಣಲ್ಲೂ ನೀರು ಬಂತು.

ತಿಂಗಳಾದ ಮೇಲೆ ಅವಳಪ್ಪ ಮಗನನ್ನು ಎಳೆದುಕೊಂಡು ಬಂದ. ಡಾಕ್ಟರು ಹುಡುಗನ ಕಾಲು ನೋಡಿ, "ಇವನ ಬೆರಳು ಸರಿಯಾಗೇ ಇದಾವಲ್ಲಯ್ಯ?" ಅಂದರು.

"ಅದು ಗೊತ್ತು ಸಾಮಿ. ಇವ್ನೂ ಲೆಕ್ಕದಾಗೆ ದಡ್ಡ. ಒಸಿ ನೋಡ್ಬುಡಿ."

ಶಿರಾದ ಟೈಲರ್

ಶಿರಾದಿಂದ ಟೈಲರ್ ಸಾಹೇಬರೊಬ್ಬರು ಮಗಳನ್ನು ಕರೆತಂದಿದ್ದರು. "ಒಂದೇ ಕತ್ರಿ ಏಟು ಅಲ್ವಾ ಡಾಕ್ಟರ್ ಸಾಬ್?" ಅಂದರು.

ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. "ನೆಟ್ಟಗೆ ಕತ್ತರಿಸಿದರೆ ಒಣಗುವಾಗ ಎಳೆದುಕೊಂಡು ಮತ್ತೆ ಕೂಡಿಕೊಳ್ಳುತ್ತೆ. ಅಂಕುಡೊಂಕಾಗಿ ಕತ್ತರಿಸಬೇಕು. ಸಾಲದ ಕಡೆ ತೊಡೆಯಿಂದ ಚರ್ಮದ ತುಂಡು ತೆಗೆದು ಇಡಬೇಕು."

"ಅರೆ, ಜುಬ್ಬಾ ಕಂಕುಳಿಗೆ ನಾವು ತುಂಡು ಕೊಡ್ತೀವಲ್ಲ, ಹಂಗೇ!" ಸಾಹೇಬರ ಮುಖ ಅರಳಿತು.

ಪಟ್ಟಿ ಬಿಚ್ಚಿದ ದಿನ ಕನ್ನಡಕ ಹಾಕಿಕೊಂಡು ಹೊಲಿಗೆಯ ಗುರುತನ್ನೆಲ್ಲ ನೋಡಿದರು. "ಮಾಷಾ ಅಲ್ಲಾ! ಈ ಕೈಗೆ ಮಿಷಿನ್ ಸಿಕ್ಕಿದ್ರೆ ನಾನು ಅಂಗಡಿ ಮುಚ್ಬೇಕಿತ್ತು." ಆಮೇಲೆ ಮೆಲ್ಲಗೆ, "ತೊಡೆ ತುಂಡಲ್ಲಿ ಮಿಕ್ಕಿದ್ದು ಏನಾಯ್ತು ಸಾಬ್?"

"ಬಟ್ಟೆ ಮಿಕ್ಕರೆ ಗಿರಾಕಿಗೆ ನೀವೇನು ಹೇಳ್ತೀರಿ?"

ಸಾಹೇಬರು ತಲೆ ಕೆರೆದುಕೊಂಡರು. "ಮಿಕ್ಕೇ ಇಲ್ಲ ಅಂತೀವಿ."

"ನಂದೂ ಅದೇ."

ವಂಶದ ಗುರುತು

ಆಂಧ್ರದ ಗಡಿಯ ನಾಗಲಮಡಿಕೆಯಿಂದ ಸೊಸೆಯೊಬ್ಬಳು ತನ್ನ ಎಂಟು ವರ್ಷದ ಮಗಳನ್ನು ಕರೆತಂದರೆ, ಹಿಂದೆಯೇ ಅತ್ತೆ ಬಂದು ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡ ಕೂತರು. "ಇದಿ ಮಾ ವಂಶಂ ಗುರ್ತು! ನಮ್ಮಪ್ಪಂಗಿತ್ತು, ನಂಗೈತೆ, ನನ್ ಮಗಂಗೈತೆ. ಕತ್ರಿ ಆಕಂಗಿಲ್ಲ!"

"ಮಗಾ ಯಾರ ಮುಂದೂ ಕಾಲು ಚಾಚಲ್ಲ ಅತ್ತೆ," ಅಂದಳು ಸೊಸೆ.

ಡಾಕ್ಟರು ಗದರಲಿಲ್ಲ. ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು ಹುಡುಗಿಯನ್ನು ಕೇಳಿದರು: "ನಿಂಗೇನು ಬೇಕಮ್ಮ?"

"ಎಲ್ರಂಗೆ ಲಂಗ ಎತ್ತಿಡ್ಕಂಡು ಓಡ್ಬೇಕು."

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಎದ್ದು ಬಾಗಿಲು ಬಿಟ್ಟರು.

ಗಾಯ ಮಾಗಿದ ಮೇಲೆ ಆ ಹುಡುಗಿ ಲಂಗ ಎತ್ತಿ ಹಿಡಿದು ಜಗಲಿಯ ಉದ್ದಕ್ಕೂ ಓಡಿದ್ದೇ ಓಡಿದ್ದು. ಅಂಥ ನಗು ಮತ್ತೆ ನಾನು ಕಾಣಲಿಲ್ಲ. ಅಜ್ಜಿ ರೆಪ್ಪೆ ಬಡಿಯದೆ ನೋಡಿದರು. ಆಮೇಲೆ ಸೀದಾ ಒಳಗೆ ಹೋಗಿ, ಮೇಜಿನ ಮೇಲೆ ಹತ್ತಿ ಕೂತು, ಎರಡೂ ಕಾಲು ಚಾಚಿದರು.

"ನಂದೂ ಬುಡ್ಸ್ಬುಡು ನಾಯ್ನಾ."

"ಈ ವಯಸ್ಸಲ್ಲಿ ಯಾಕಜ್ಜಿ?"

"ಇಲ್ದಿದ್ರೆ ಇವ್ಳು ನನ್ ಮೊಮ್ಮಗಳೇ ಅಲ್ಲ ಅಂತಾರೆ ಕಣಪ್ಪ ಜನ!"