ರಾಣಿಯ ನೆಗಡಿ

ಕಾಲು ಒಂದೆಡೆ ನಿಲ್ಲದವರಿಗೆ ಪ್ರಸಂಗಗಳು ತಪ್ಪಿದ್ದಲ್ಲ. ಕಂಪನಿ ನಾಟಕದ ರಾಣಿಯಾಗಿ ಹುಬ್ಬಳ್ಳಿಯಿಂದ ಮಧುರೆಯವರೆಗೆ ಅತ್ತವಳು ನಾನು. ಅದೇ ನಾಟಕ ಮದ್ರಾಸಿನಲ್ಲಿ ಟಾಕಿಯಾದಾಗಲೂ ರಾಣಿ ನಾನೇ. ಕಂಪನಿ ಯಜಮಾನರು ರೀಲಿನ ಡಬ್ಬ ನನ್ನ ಕೈಗೇ ಕೊಟ್ಟರು: "ಚಿನ್ನದ ಗಣಿಯವರಿಗೆ ಈ ನಾಟಕ ಅಂದರೆ ಪ್ರಾಣ. ಅವರು ಒಪ್ಪಿದರೆ ಎಲ್ಲೆಡೆ ಓಡುತ್ತೆ. ಡಬ್ಬ ವಾಪಸು ಬಂತೋ, ಮುಂದಿನ ಚಿತ್ರಕ್ಕೆ ಬೇರೆ ರಾಣಿ."

ಬಂಗಾರಪೇಟೆಯಲ್ಲಿ

ಗಣಿ ರೈಲಿಗೆ ಡಬ್ಬ ಹೊತ್ತ ಕೂಲಿಯವನು ಕೇಳಿದ: "ಏನಕ್ಕಾ ಇದು, ಇಷ್ಟು ಭಾರ?"

"ರಾಜ, ರಾಣಿ, ಅರಮನೆ, ಸೆರೆಮನೆ."

"ಓ, ಆ ನಾಟ್ಕಾನಾ! ಬೆಳಗಾನ ನಡೀತದಾ?"

"ಎರಡೂವರೆ ಗಂಟೆ."

ಡಬ್ಬ ಕೆಳಗಿಟ್ಟೇಬಿಟ್ಟ. "ಅಷ್ಟೊತ್ಗೆ ನಮ್ ರಾಜ ಇನ್ನೂ ಮೀಸೆ ಅಂಟಿಸ್ಕೋತಿರ್ತಾನೆ ಕಣಕ್ಕಾ!"

ಹೈಕೋರ್ಟು

ಗಣಿ ಊರಾದ ಉರಿಗಾಂನ ಟೆಂಟ್ ಸಿನಿಮಾದ ಸಾಹುಕಾರರು ಧೈರ್ಯ ಹೇಳುವ ಜನವಲ್ಲ. "ಹಾರ್ಮೋನಿಯಂ ಮೇಷ್ಟ್ರು ಮೊದಲ ಆಟಕ್ಕೇ ಬತ್ತಾರಮ್ಮಾ. ನಾಟಕದ ವಿಷಯಕ್ಕೆ ಈ ಗಣಿ ಕೂಲಿಗಳ ಲೈನುಮನೆಗಳಿಗೆಲ್ಲ ಅವರೇ ಹೈಕೋರ್ಟು. ಅವರು ಬೇಡ ಅಂದ್ರೆ ಎರಡನೇ ದಿನ ನರಪಿಳ್ಳೆ ಬರಾಕಿಲ್ಲ. ಬೆಳಗಿನ ರೈಲಿಗೇ ನಿನ್ನ ಡಬ್ಬ."

ಮೇಷ್ಟ್ರನ್ನು ನಾನು ಬಲ್ಲೆ. ನಮ್ಮ ಕಂಪನಿ ಇಲ್ಲಿಗೆ ಬಂದಾಗಲೆಲ್ಲ ನನ್ನ ಹಾಡಿಗೆ ಪೆಟ್ಟಿಗೆ ನುಡಿಸಿದವರು. ಕೇಳಿದೆ: "ಅವರು ಯಾವ ಟಾಕಿಯನ್ನಾದರೂ ಮೆಚ್ಚಿದ್ದುಂಟೇ?"

"ಮೆಚ್ಚಿದ್ರೆ ಹೈಕೋರ್ಟು ಅಂತ ಯಾಕಂತಿದ್ವಿ?"

ಕಳ್ಳೇಕಾಯಿ

ಟೆಂಟು ತುಂಬಿತು. ಮೇಷ್ಟ್ರು ಮುಂದೆ, ಕೈಕಟ್ಟಿ, ಕಂಬದಂತೆ. ನಾನು ಹಿಂದೆ ಹೆಂಗಸರ ಕಡೆ. ಅವರು ಕೆಮ್ಮಿದರೂ ಅದೇ ತೀರ್ಪೇನೋ ಎಂಬ ದಿಗಿಲು ನನಗೆ. ಆ ದಿಗಿಲಿಗೆ ಕಳ್ಳೇಕಾಯಿ ಸುಲಿಯುತ್ತ ಕುಳಿತೆ. ಪರದೆಯಲ್ಲಿ ರಾಜನಿಗೆ ಬೇಡಿ ಬಿತ್ತು. ಪಕ್ಕದ ಅಜ್ಜಿ ಕಣ್ಣೊರೆಸುತ್ತ ತಿರುಗಿದವಳು ನನ್ನ ಗುರುತು ಹಿಡಿದಳು. ಪರದೆ ನೋಡಿದಳು, ನನ್ನ ಮಡಿಲು ನೋಡಿದಳು.

"ಅಲ್ಲವ್ವಾ, ಗಂಡನ್ನ ಅಲ್ಲಿ ಜೈಲ್ಗಾಕವ್ರೆ, ನೀನಿಲ್ಲಿ ಕಳ್ಳೇಕಾಯ್ ತಿಂತಾ ಕುಂತಿದೀಯಾ?"

ತೀರ್ಪು

ಸೆರೆಮನೆ ಬಾಗಿಲಲ್ಲಿ ರಾಣಿ ಹಾಡುವ ಹಾಡು ಬಂತು. ಆ ನಾಟಕದ ಜೀವವೇ ಅದು. ಹಾಡು ಮುಗಿಯಿತು. ಇಡೀ ಟೆಂಟು ಪರದೆ ಬಿಟ್ಟು ಮೇಷ್ಟ್ರ ಬೆನ್ನು ನೋಡುತ್ತಿತ್ತು. ಮೇಷ್ಟ್ರು ಎದ್ದು ನಿಂತರು. ಹೊರಟರು, ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಒನ್ಸ್ ಮೋರ್!" ಎಂದರು.

"ಇದು ಟಾಕಿ ಸ್ವಾಮೀ, ನಾಟಕ ಅಲ್ಲ!" ಎಂದು ಆಪರೇಟರ್ ಕೂಗಿದ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಬಿತ್ತು. ಪಾಪ, ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದದ್ದೇ ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿದರು.

"ಏನಮ್ಮಾ ಇದು? ನಾಟಕದಲ್ಲಿ ಒನ್ಸ್ ಮೋರ್ ಅಂದ್ರೆ ಹಾಡನ್ನ ಬೇರೆ ತರಾ ಬೆಳೆಸಿ ಬೆಳೆಸಿ ಹಾಡ್ತಿದ್ದೆ. ಇಲ್ಲಿ ಎರಡನೇ ಸಲಾನೂ ಅದನ್ನೇ ಒಪ್ಪಿಸಿದೀಯಾ! ಒಂದು ಎಳೆ ಹೊಸದಿಲ್ಲ!"

ಸಾಹುಕಾರರ ಕಣ್ಣು ಆಗಲೇ ಡಬ್ಬದ ಮೇಲೆ. ನನ್ನ ಬಾಯಿಗೆ ಬಂದದ್ದು ಒಂದೇ ಮಾತು:

"ಮದ್ರಾಸಲ್ಲಿ ಆವತ್ತು ಸ್ವಲ್ಪ ನೆಗಡಿ ಮೇಷ್ಟ್ರೇ."

ಮೇಷ್ಟ್ರು ಯೋಚಿಸಿದರು. "ಅಂಗಾದ್ರೆ ತೀರ್ಪು ಇವತ್ತು ಬೇಡ. ನಾಳೆ ಬತ್ತೀನಿ. ವಾಸಿ ಮಾಡ್ಕೊಂಡು ಹಾಡು."

ಮರುದಿನ ಅವರೂ ಬಂದರು. ರಾಣಿ ಹೇಗೆ ಹಾಡುತ್ತಾಳೋ ನೋಡೋಣವೆಂದು ಪಕ್ಕದ ನಂದಿದುರ್ಗ ಗಣಿಯ ಲೈನಿನವರೂ ಬಂದರು. ದಿನವೂ ಒನ್ಸ್ ಮೋರ್, ದಿನವೂ ತೀರ್ಪು ನಾಳೆಗೆ. ಒಂದು ತಿಂಗಳು ಟೆಂಟು ತುಂಬಿ ಓಡಿತು, ಪುಣ್ಯಕ್ಕೆ ನನ್ನ ನೆಗಡಿ ವಾಸಿಯಾಗಲಿಲ್ಲ.