ತೂತಿನ ಮೇಲೆ ಕೂತವನು

ಊರಿನ ಕಸ ಸುರಿಯಲು ತೋಡಿದ ಹೊಂಡಕ್ಕೆ, ಕೊಳೆತ ರಸ ನೆಲಕ್ಕೆ ಇಳಿಯದಿರಲಿ ಎಂದು ದಪ್ಪನೆಯ ಕರಿ ಪ್ಲಾಸ್ಟಿಕ್ ಶೀಟು ಹಾಸಿದ್ದರು. ಅದರ ಮೇಲೆ ಬರಿಗಾಲಲ್ಲೇ ನಡೆಯಬೇಕೆಂಬುದು ಕಟ್ಟಳೆ. "ಒಂದು ತೂತು ಬಿದ್ರೂ ನೀನು ಮನೆಗೆ. ಬೀಳದಿದ್ರೆ ನಾಳೆ ಸಂಜೆ ಕೆಲಸ ಖಾಯಂ," ಎಂದಿದ್ದರು ಇಂಜಿನಿಯರು ಕಾವಲುಗಾರನಿಗೆ. ಆ ಮಹಾರಾಯ ಮರುದಿನ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಚಪ್ಪಲಿ ಬಿಡುವುದನ್ನೇ ಮರೆತ. ಚಪ್ಪಲಿಯ ಮೊಳೆ ಮರೆಯಲಿಲ್ಲ. ಸಾಸಿವೆಯಷ್ಟು ತೂತು ಬಿತ್ತು.

ಅವನು ಅದರ ಮೇಲೆ ಕುಳಿತೇಬಿಟ್ಟ.

ಬಿಸಿಲೇರಿ ಶೀಟು ಕಾದ ಹೆಂಚಾಯಿತು. ಶೀಟಿಗೆ ಬೆಸುಗೆ ಹಾಕುವವನು ಬಂದು ನಿಂತ.

"ಏನಣ್ಣ, ಮೂಲವ್ಯಾಧಿನಾ?"

"ಧ್ಯಾನ ಕಣಪ್ಪ."

ಬೆಸುಗೆಯವನು ಅದನ್ನು ಊರಿಗೆಲ್ಲ ಹಂಚಿದ. ಮಧ್ಯಾಹ್ನ ಬುತ್ತಿ ತಂದ ಹೆಂಡತಿಯ ಮುಖ ಊದಿಕೊಂಡಿತ್ತು. "ಸನ್ಯಾಸ ತಗೊಳ್ಳೋದಾದ್ರೆ ನನಗೊಂದು ಮಾತು ಹೇಳ್ಬಾರದಿತ್ತಾ?"

"ಸುಮ್ನಿರೇ, ಸಂಜೆ ಖಾಯಂ ಆಗುತ್ತೆ."

"ಅಲ್ಲಿವರೆಗೆ ನೀವು ಬೇಯದೆ ಉಳಿದ್ರೆ ತಾನೇ?"

ಊಟದ ಹೊತ್ತು ಮೀರಿದ ಮೇಲೆ ಇಂಜಿನಿಯರ ಜೊತೆ ತಪಾಸಣೆಯವರೊಬ್ಬರು ಬಂದರು. ಅವರ ಕೈಯಲ್ಲಿ ಚಾಕು. "ಪರೀಕ್ಷೆಗೆ ಎಲ್ಲಾದ್ರೂ ಒಂದು ಅಂಗೈಯಗಲ ತುಂಡು ಕತ್ತರಿಸ್ಕೋಬೇಕು. ಆಮೇಲೆ ತೇಪೆ ಹಾಕಿದ್ರಾಯ್ತು."

ಕಾವಲುಗಾರನಿಗೆ ಹೋದ ಜೀವ ಬಂದಂತಾಯಿತು. ಚಂಗನೆ ಎದ್ದ. "ಇಲ್ಲೇ ಕತ್ತರಿಸಿ ಸಾರ್."

ತೂತು ತುಂಡಿನ ಜೊತೆ ಎದ್ದು ಬಂತು. ಕುಣಿಯುವುದೊಂದು ಬಾಕಿ ಎನ್ನುವಷ್ಟರಲ್ಲಿ ತಪಾಸಣೆಯವರು ತುಂಡನ್ನು ಸೂರ್ಯನಿಗೆ ಹಿಡಿದರು. ಅವರ ಮೂಗಿನ ಮೇಲೆ ಬೆಳಕಿನ ಚುಕ್ಕೆ ಬಿತ್ತು.

"ಕಾರ್ಖಾನೆಯವರು ತೂತು ಶೀಟು ಕಳಿಸಿದ್ದಾರೆ," ಎಂದು ಇಂಜಿನಿಯರು ಹಲ್ಲು ಕಡಿದರು. "ನೋಡಿ ಸಾರ್, ನಿಮಗೆ ತೋರಿಸೋಕೆ ಅಂತ ನಮ್ಮವನು ಬೆಳಿಗ್ಗೆಯಿಂದ ಅದರ ಮೇಲಿಂದ ಅಲುಗಾಡಿಲ್ಲ."

"ಒಂದೇ ತೂತಿಗೆ ಅವರು ಶೀಟು ವಾಪಸ್ ತಗೊಳ್ಳಲ್ಲ ಕಣ್ರೀ."

ಇಂಜಿನಿಯರು ಕಾವಲುಗಾರನ ಬೆನ್ನು ತಟ್ಟಿದರು. "ಇಂಥ ಕಣ್ಣಿರುವಾಗ ಚಿಂತೆ ಯಾಕೆ? ಹೋಗಪ್ಪ, ಇನ್ನೊಂದು ತೂತು ಹುಡುಕಿ ತೋರ್ಸು. ಸಿಕ್ಕ ತಕ್ಷಣ ಖಾಯಂ ಆದೇಶಕ್ಕೆ ಸಹಿ ಹಾಕ್ತೀನಿ."

ಇಬ್ಬರೂ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಅವನನ್ನೇ ನೋಡುತ್ತ ಕುಳಿತರು. ಹೊತ್ತು ಮುಳುಗುವವರೆಗೆ ಕಾವಲುಗಾರ ಹೊಂಡದ ಉದ್ದಗಲಕ್ಕೂ ಅಂಬೆಗಾಲಿಟ್ಟ. ಕಾರ್ಖಾನೆಯವರು ಮಹಾ ಪ್ರಾಮಾಣಿಕರು. ಇಡೀ ಶೀಟಿನಲ್ಲಿ ಇನ್ನೊಂದು ತೂತಿರಲಿಲ್ಲ.